ಬಾಗಿಲು ತೆರೆದವನೂ ಅವನೇ, ಬೀಗ ಹಾಕಿದವನೂ ಅವನೇ: ಬೇಸ್‌ಬಾಲ್ ಕೋಚ್ ಬ್ರಾಂಚ್ ರಿಕಿಯ ಕತೆ

1907ರ ಜೂನ್ 28. ನ್ಯೂಯಾರ್ಕ್ ಹೈಲ್ಯಾಂಡರ್ಸ್ ತಂಡಕ್ಕೆ (ಇವತ್ತಿನ ಯಾಂಕೀಸ್‌ನ ಹಳೇ ಹೆಸರದು) ಅವತ್ತು ಕ್ಯಾಚರ್ ಆಗಿ ನಿಂತವನು 25 ವರ್ಷದ ಬ್ರಾಂಚ್ ರಿಕಿ. ಕ್ಯಾಚರ್ ಅಂದ್ರೆ ಹೆಚ್ಚೂಕಮ್ಮಿ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಬ್ಯಾಟ್ ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯಬೇಕು. ಎದುರಾಳಿ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡಿದರೆ ಆ ಕ್ಷಣವೇ ಅಲ್ಲಿಗೆ ಎಸೆದು ಔಟ್ ಮಾಡಿಸಬೇಕು. ರಿಕಿಯ ತೋಳು ನೋಯುತ್ತಿತ್ತು, ಎಸೆತಕ್ಕೆ ಬಲವಿರಲಿಲ್ಲ. ವಾಷಿಂಗ್ಟನ್ ತಂಡದವರಿಗೆ ಅದು ಗೊತ್ತಾಗಿಹೋಯ್ತು. ಒಂದೇ ಪಂದ್ಯದಲ್ಲಿ 13 ಸಲ ಬೇಸ್ ಕದ್ದರು. ಆಧುನಿಕ ಬೇಸ್‌ಬಾಲ್‌ನಲ್ಲಿ ಒಬ್ಬ ಕ್ಯಾಚರ್ ಅನುಭವಿಸಿದ ಇಂಥ ಇನ್ನೊಂದು ಅವಮಾನ ಸಿಗುವುದಿಲ್ಲ. ಆ ಸೀಸನ್ನಿನ ಜೊತೆಗೆ ಆಟಗಾರನಾಗಿ ಅವನ ದಾರಿ ಬಹುತೇಕ ಮುಗಿಯಿತು.

ಈ ಸೋತ ಕ್ಯಾಚರೇ ಮುಂದೆ, ಒಬ್ಬ ಹುಡುಗನನ್ನು ಮೈದಾನದಲ್ಲಿ ನೋಡಿ ಇವನು ಆಟಗಾರ ಆಗ್ತಾನಾ ಇಲ್ವಾ ಅಂತ ಅಳೆಯುವ ಕೆಲಸಕ್ಕೆ ಶಿಸ್ತು ತಂದ. ಇವತ್ತು ಅಮೆರಿಕದ ಯಾವುದೇ ಕಾಲೇಜಿನ ಬೇಸ್‌ಬಾಲ್ ಕೋಚ್ ಹೈಸ್ಕೂಲ್ ಹುಡುಗರನ್ನು ನೋಡಲು ಬಂದರೆ ಮೊದಲು ಕಾಲು ನೋಡ್ತಾನೆ: 60 ಗಜ ಓಡಲು ಎಷ್ಟು ಸೆಕೆಂಡ್? ಆಮೇಲೆ ತೋಳು: ಚೆಂಡು ಎಷ್ಟು ವೇಗವಾಗಿ ಹೋಗುತ್ತೆ? ಆಮೇಲೆ ಬ್ಯಾಟಿನ ಬಲ. ಇವು ಮೂರೂ ಗಡಿಯಾರ, ಯಂತ್ರಗಳಿಗೆ ಸಿಗುವಂಥವು. ಸಿಗದಿರುವುದು ಬೇರೆ. ಕ್ಯಾಚ್ ಬಿಟ್ಟ ಮೇಲೆ ಮುಂದಿನ ಚೆಂಡಿಗೆ ಇವನು ಹೇಗೆ ನಿಲ್ತಾನೆ, ಬೆಂಚಿನಲ್ಲಿ ಕೂತಾಗ ಹೇಗಿರ್ತಾನೆ, ಅಪ್ಪ ಅಮ್ಮನ ಜೊತೆ ಹೇಗೆ ಮಾತಾಡ್ತಾನೆ, ಮಾರ್ಕ್ಸ್ ಎಷ್ಟು. ಇದೆಲ್ಲವನ್ನೂ ರಿಕಿ ನೂರು ವರ್ಷದ ಹಿಂದೆಯೇ ನೋಡುತ್ತಿದ್ದ. ಕಲಿಸಲು ಬರುವುದು ಯಾವುದು, ಬರದಿರುವುದು ಯಾವುದು ಎಂದು ಬೇರ್ಪಡಿಸುವುದು ಅವನ ಮೊದಲ ಲೆಕ್ಕ. ವೇಗವನ್ನು ಕಲಿಸಲಾಗದು, ತೋಳಿನ ಬಲವನ್ನು ಹುಟ್ಟಿಸಲಾಗದು. ಉಳಿದದ್ದಕ್ಕೆ ಕೋಚ್ ಇದ್ದಾನಲ್ಲ ಎಂಬುದು ಅವನ ನಿಲುವು.

ಆದರೆ ಈ ಲೆಕ್ಕದ ಹಿಂದೆ ಇನ್ನೂ ಎರಡು ಪ್ರಶ್ನೆಗಳಿವೆ. ಅಳತೆಗೋಲು ಎಷ್ಟೇ ನ್ಯಾಯವಾಗಿರಲಿ, ಅದರ ಮುಂದೆ ಬಂದು ನಿಲ್ಲಲು ಯಾರನ್ನು ಬಿಡ್ತೀರಿ? ಆರಿಸಿದ ಮೇಲೆ ಆ ಹುಡುಗ ಯಾರ ಸ್ವತ್ತು? ಮೊದಲನೆಯದಕ್ಕೆ ರಿಕಿ ಕೊಟ್ಟ ಉತ್ತರ ಅಮೆರಿಕದ ಚರಿತ್ರೆಯ ಪಾಠವಾಯಿತು. ಎರಡನೆಯದಕ್ಕೆ ಕೊಟ್ಟ ಉತ್ತರವನ್ನು ಅವನ ಅಭಿಮಾನಿಗಳು ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ.

ರಿಕಿ ಹುಟ್ಟಿದ್ದು 1881ರ ಡಿಸೆಂಬರ್ 20ರಂದು, ಒಹಾಯೊ ರಾಜ್ಯದ ದಕ್ಷಿಣದ ಒಂದು ಹಳ್ಳಿಗಾಡಿನಲ್ಲಿ. ರೈತರ ಮನೆ, ಕಟ್ಟಾ ಮೆಥಡಿಸ್ಟ್ ಕ್ರೈಸ್ತರು. ಕಾಲೇಜಿಗೆ ದುಡ್ಡು ಹೊಂದಿಸಲು ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದ, ಲ್ಯಾಟಿನ್ ಭಾಷೆಯನ್ನು ತಾನೇ ಕೂತು ಕಲಿತ. 1901ರಲ್ಲಿ ಒಹಾಯೊ ವೆಸ್ಲಿಯನ್ ಕಾಲೇಜು ಸೇರಿದ. ಭಾನುವಾರ ಆಡುವುದಿಲ್ಲ ಎಂದು ಅಮ್ಮನಿಗೆ ಕೊಟ್ಟ ಮಾತನ್ನು ವೃತ್ತಿ ಬೇಸ್‌ಬಾಲ್‌ಗೆ ಹೋದ ಮೇಲೂ ಮುರಿಯಲಿಲ್ಲ. 1904ರಲ್ಲಿ ಸಿನ್ಸಿನಾಟಿ ತಂಡ ಅವನನ್ನು ಮನೆಗೆ ಕಳಿಸಿದ್ದು ಇದೇ ಕಾರಣಕ್ಕೆ. ಮುಂದೆ ತಂಡಗಳ ಯಜಮಾನಿಕೆ ಸಿಕ್ಕಾಗಲೂ ಭಾನುವಾರ ಮೈದಾನಕ್ಕೆ ಕಾಲಿಡುತ್ತಿರಲಿಲ್ಲ. ಭಾನುವಾರದ ಟಿಕೆಟ್ ದುಡ್ಡು ಮಾತ್ರ ಬೇಡ ಅನ್ನಲಿಲ್ಲವಲ್ಲ ಅಂತ ಪತ್ರಿಕೆಯವರು ಕಿಚಾಯಿಸುತ್ತಿದ್ದರು.

ಅವನು ಕೋಚ್ ಆದದ್ದೇ ಒಂದು ತಮಾಷೆ. 1902ರ ಬೇಸಿಗೆ ರಜೆಯಲ್ಲಿ ಊರ ಕಡೆಯ ತಂಡವೊಂದಕ್ಕೆ ಕಾಸು ಪಡೆದು ಆಡಿದ್ದ. ದುಡ್ಡು ಮುಟ್ಟಿದವನು ಹವ್ಯಾಸಿ ಅಲ್ಲ, ಕಾಲೇಜು ತಂಡದಲ್ಲಿ ಆಡುವಂತಿಲ್ಲ ಎಂಬುದು ನಿಯಮ. ರಿಕಿ ಸುಳ್ಳು ಹೇಳಿ ನುಣುಚಿಕೊಳ್ಳಲಿಲ್ಲ, ಆಡುವ ಅರ್ಹತೆ ಹೋಯ್ತು. ಕಾಲೇಜು ಅವನನ್ನೇ ಕೋಚ್ ಮಾಡಿತು. (ಆಟಗಾರ ತನ್ನ ಹೆಸರಿನಿಂದ ದುಡಿಯಬಹುದು ಎಂದು ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಒಪ್ಪಿದ್ದು 2021ರಲ್ಲಿ. ಹೆಚ್ಚೂಕಮ್ಮಿ 120 ವರ್ಷ ಬೇಕಾಯ್ತು.)

1903ರಲ್ಲಿ 21 ವರ್ಷದ ಈ ಕೋಚ್ ತನ್ನ ಹುಡುಗರನ್ನು ಕರೆದುಕೊಂಡು ಇಂಡಿಯಾನಾದ ಸೌತ್ ಬೆಂಡ್ ಊರಿಗೆ ಹೋದ. ನೋಟರ್ ಡೇಮ್ ವಿರುದ್ಧ ಪಂದ್ಯ. ತಂಡದಲ್ಲಿ ಚಾರ್ಲ್ಸ್ ಥಾಮಸ್ ಅಂತ ಒಬ್ಬ ಕಪ್ಪು ಆಟಗಾರನಿದ್ದ. ಹೋಟೆಲಿನವರು ಅವನಿಗೆ ರೂಮು ಕೊಡಲು ಒಪ್ಪಲಿಲ್ಲ. ರಿಕಿ ಜಗಳವಾಡಿ, ತನ್ನ ರೂಮಿನಲ್ಲೇ ಒಂದು ಮಂಚ ಹಾಕಿಸಿ ಥಾಮಸ್‌ನನ್ನು ಒಳಗೆ ಕರೆದುಕೊಂಡ. ರಾತ್ರಿ ಥಾಮಸ್ ಅಳುತ್ತಾ, ಈ ಚರ್ಮವನ್ನು ಉಜ್ಜಿ ತೆಗೆಯಲಾದರೆ ತಾನೂ ಎಲ್ಲರಂತಾಗುತ್ತಿದ್ದೆ ಎಂದು ಕೈ ಉಜ್ಜಿಕೊಳ್ಳುತ್ತಿದ್ದನಂತೆ. ಈ ಕತೆ ಹೆಚ್ಚಾಗಿ ರಿಕಿಯ ಬಾಯಿಂದಲೇ ಬಂದದ್ದು. ದಶಕಗಟ್ಟಲೆ ಹೇಳಿ ಹೇಳಿ ಒಂದಿಷ್ಟು ಬಣ್ಣ ಏರಿರಬಹುದು ಎಂದು ಇತಿಹಾಸಕಾರರು ಅನುಮಾನಿಸುತ್ತಾರೆ. ಹೋಟೆಲಿನಲ್ಲಿ ನಡೆದದ್ದು ಅಪರೂಪದ ಸಂಗತಿಯೇನಲ್ಲ ಬಿಡಿ, ಆ ಕಾಲದ ದಿನನಿತ್ಯದ ಅಮೆರಿಕ ಅದು. ಥಾಮಸ್ ಓದಿ ದಂತವೈದ್ಯನಾದ. ಮೇಜರ್ ಲೀಗ್ ಬಾಗಿಲು ಅವನಿಗೆ ಇರಲೇ ಇಲ್ಲ.

ಇಲ್ಲೊಂದು ವಿಷಯ ಗಮನಿಸಬೇಕು. ಉತ್ತರದ ಕೆಲವು ಕಾಲೇಜುಗಳಲ್ಲಿ ಒಬ್ಬಿಬ್ಬರು ಕಪ್ಪು ಆಟಗಾರರಿಗೆ ಜಾಗವಿತ್ತು, ದುಡ್ಡಿನ ಬೇಸ್‌ಬಾಲ್‌ನಲ್ಲಿ ಇರಲಿಲ್ಲ. 1884ರಲ್ಲಿ ಮೇಜರ್ ಲೀಗ್‌ನಲ್ಲಿ ಆಡಿದ ಮೋಸೆಸ್ ಫ್ಲೀಟ್‌ವುಡ್ ವಾಕರ್ ಕೂಡ ಓಬರ್ಲಿನ್, ಮಿಶಿಗನ್‌ಗಳಲ್ಲಿ ಕಾಲೇಜು ತಂಡಕ್ಕೆ ಆಡಿ ಬಂದವನು. ಆ ಸೀಸನ್ ಆದಮೇಲೆ ಬಾಗಿಲು ಮುಚ್ಚಿತು. ಕಾನೂನಿನ ಪುಸ್ತಕದಲ್ಲಾಗಲಿ ಲೀಗಿನ ನಿಯಮದಲ್ಲಾಗಲಿ ಒಂದು ಸಾಲೂ ಇಲ್ಲ, ಮಾಲೀಕರ ನಡುವೆ ಒಂದು ಕಣ್ಸನ್ನೆ ಅಷ್ಟೇ. ಬರೆದಿಡದ ನಿಯಮವನ್ನು ಕೋರ್ಟಿನಲ್ಲಿ ಪ್ರಶ್ನಿಸುವುದಾದರೂ ಹೇಗೆ?

ರಿಕಿಯ ಆಟದ ಬದುಕು ಮುಗಿಯುತ್ತಿದ್ದ ಹಾಗೇ ಕ್ಷಯ ಅಂಟಿತು. ನ್ಯೂಯಾರ್ಕ್ ರಾಜ್ಯದ ಸರನಾಕ್ ಲೇಕ್‌ನಲ್ಲಿ ಚಿಕಿತ್ಸೆ ಪಡೆದು, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ. ಓದಿನ ಜೊತೆಗೇ ಅಲ್ಲಿನ ತಂಡಕ್ಕೆ ಕೋಚ್ ಆದ. ಅಲ್ಲಿ ಅವನ ಕಣ್ಣಿಗೆ ಬಿದ್ದವನು ಜಾರ್ಜ್ ಸಿಸ್ಲರ್, ಎಂಜಿನಿಯರಿಂಗ್ ಓದಲು ಬಂದಿದ್ದ ಹುಡುಗ. ಎಡಗೈ ಪಿಚರ್. ಸಿಸ್ಲರ್ ಹೈಸ್ಕೂಲಿನಲ್ಲಿದ್ದಾಗಲೇ ಏಕ್ರನ್ ತಂಡದವರು ಅವನಿಂದ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಆ ಕಾಗದ ಕೈಯಿಂದ ಕೈಗೆ ಮಾರಾಟವಾಗಿ ಪಿಟ್ಸ್‌ಬರ್ಗ್ ತಂಡದ ಹತ್ತಿರ ಹೋಗಿ, ಹುಡುಗ ನಮ್ಮವನು ಅಂತ ಅವರು ಕೂತಿದ್ದರು. ಸಹಿ ಹಾಕುವಾಗ ಅವನು ಅಪ್ರಾಪ್ತ, ಅಪ್ಪನ ಒಪ್ಪಿಗೆ ಇರಲಿಲ್ಲ, ಒಂದು ಪೈಸೆ ಪಡೆದಿರಲಿಲ್ಲ. ಈ ವಾದ ಕಟ್ಟಲು ಸಿಸ್ಲರ್ ಕುಟುಂಬಕ್ಕೆ ನೆರವಾದವನು ವಕೀಲ ರಿಕಿ. ಕೊನೆಗೆ ಬೇಸ್‌ಬಾಲ್ ಆಯೋಗ ಹುಡುಗನನ್ನು ಬಿಡುಗಡೆ ಮಾಡಿತು. 1915ರಲ್ಲಿ ಸಿಸ್ಲರ್ ಸೇರಿದ್ದು ಸೇಂಟ್ ಲೂಯಿಸ್ ಬ್ರೌನ್ಸ್ ತಂಡವನ್ನು. ಅದರ ಮ್ಯಾನೇಜರ್ ಅಷ್ಟೊತ್ತಿಗೆ ಯಾರು ಅಂತೀರಿ? ಇದೇ ರಿಕಿ.

ಸಿಸ್ಲರ್ ಪಿಚರ್ ಆಗಿಯೂ ಚೆನ್ನಾಗಿಯೇ ಇದ್ದ. ಆದರೆ ಪಿಚರ್ ಆದವನು ನಾಲ್ಕೈದು ದಿನಕ್ಕೊಮ್ಮೆ ಆಡ್ತಾನೆ, ಇಂಥ ಬ್ಯಾಟು ದಿನಾ ಬೇಕು ಅಂತ ರಿಕಿ ಅವನನ್ನು ಫಸ್ಟ್ ಬೇಸ್‌ಗೆ ತಂದು ನಿಲ್ಲಿಸಿದ. 1920ರಲ್ಲಿ ಸಿಸ್ಲರ್ ಒಂದೇ ಸೀಸನ್ನಿನಲ್ಲಿ 257 ಹಿಟ್ ಹೊಡೆದ. ಆ ದಾಖಲೆಯನ್ನು ಜಪಾನಿನ ಇಚಿರೊ ಮುರಿದದ್ದು 2004ರಲ್ಲಿ. ಕಾಲೇಜು ಕೋಚ್‌ನ ಕೆಲಸ ಅಂದ್ರೆ ಇದೇ: ಹುಡುಗ ತಾನು ಏನು ಅಂದುಕೊಂಡು ಬಂದಿದ್ದಾನೋ ಅದನ್ನು ಪಕ್ಕಕ್ಕಿಟ್ಟು, ಅವನ ಮೈ ಏನು ಹೇಳ್ತಿದೆ ಅಂತ ನೋಡುವುದು.

ರಿಕಿ ಸೇಂಟ್ ಲೂಯಿಸ್‌ನ ಇನ್ನೊಂದು ತಂಡವಾದ ಕಾರ್ಡಿನಲ್ಸ್‌ಗೆ ಬಂದದ್ದು 1917ರಲ್ಲಿ. ಬಡ ತಂಡ. ಒಳ್ಳೆ ಆಟಗಾರನನ್ನು ಹುಡುಕಿದರೆ ದುಡ್ಡಿರುವ ನ್ಯೂಯಾರ್ಕ್‌ನವರು ಹೆಚ್ಚು ಬೆಲೆ ಕೊಟ್ಟು ಎತ್ತಿಕೊಂಡು ಹೋಗುತ್ತಿದ್ದರು. ಕೊಳ್ಳಲಾಗದಿದ್ದರೆ ಬೆಳೆಯೋಣ ಎಂದುಕೊಂಡ. ಸಣ್ಣ ಊರುಗಳ ಮೈನರ್ ಲೀಗ್ ತಂಡಗಳನ್ನು ಒಂದೊಂದಾಗಿ ಕೊಳ್ಳುತ್ತಾ ಹೋದ. ಊರೂರಿನಲ್ಲಿ ಆಯ್ಕೆ ಶಿಬಿರ ನಡೆಸಿ, ನೂರಾರು ಹುಡುಗರನ್ನು ಓಡಿಸಿ, ಎಸೆಸಿ, ಕಡಿಮೆ ಸಂಬಳಕ್ಕೆ ಸಹಿ ಹಾಕಿಸಿ, ಕೆಳಗಿನ ತಂಡದಿಂದ ಮೇಲಿನ ತಂಡಕ್ಕೆ ಮೆಟ್ಟಿಲು ಹತ್ತಿಸಿದ. ಇದಕ್ಕೆ ಫಾರ್ಮ್ ಪದ್ಧತಿ ಅಂತಲೇ ಹೆಸರು ಬಿತ್ತು. ಫಾರ್ಮ್ ಅಂದ್ರೆ ಹೊಲ, ಆಟಗಾರ ಅಂದ್ರೆ ಬೆಳೆ. 1926, 1931, 1934, 1942ರಲ್ಲಿ ಕಾರ್ಡಿನಲ್ಸ್ ವರ್ಲ್ಡ್ ಸೀರೀಸ್ ಗೆದ್ದಿತು. ಪಿಚರ್ ಆಗಿ ಸೇರಿ, ಭುಜಕ್ಕೆ ಪೆಟ್ಟಾದ ಮೇಲೆ ಬ್ಯಾಟ್ಸ್‌ಮನ್ ಆಗಿ ಮೆರೆದ ಸ್ಟಾನ್ ಮ್ಯೂಸಿಯಲ್ ಈ ಹೊಲದಲ್ಲೇ ಬೆಳೆದವನು.

ಈ ಹೊಲದ ಬೇಲಿ ರಿಸರ್ವ್ ಕಲಮು. ಒಮ್ಮೆ ಒಂದು ತಂಡಕ್ಕೆ ಸಹಿ ಹಾಕಿದರೆ ಮುಗೀತು. ಒಪ್ಪಂದದ ವರ್ಷ ಮುಗಿದರೂ ಆಟಗಾರ ಬೇರೆ ತಂಡದ ಜೊತೆ ಮಾತಾಡುವಂತಿಲ್ಲ. ತಂಡ ಇಟ್ಟುಕೊಳ್ಳಬಹುದು, ಮಾರಬಹುದು, ಕಿತ್ತುಹಾಕಬಹುದು. ಅವನಿಗೆ ಇರುವ ಆಯ್ಕೆ ಒಂದೇ, ಆಟ ಬಿಡುವುದು. ಮೇಲೆ ಜಾಗ ಖಾಲಿ ಇಲ್ಲವೆಂದು ನೂರಾರು ಹುಡುಗರು ಸಣ್ಣ ಊರುಗಳಲ್ಲೇ ಸವೆದುಹೋದರು. ಆಟಗಾರರನ್ನು ಮಾರಿದಾಗ ಬರುವ ಹಣದಲ್ಲಿ ರಿಕಿಗೂ ಪಾಲಿತ್ತು. 1938ರಲ್ಲಿ ಬೇಸ್‌ಬಾಲ್ ಕಮಿಷನರ್ ಕೆನೆಸಾ ಲ್ಯಾಂಡಿಸ್, ಕಾರ್ಡಿನಲ್ಸ್ ನಿಯಮ ಮೀರಿ ಹಿಡಿದಿಟ್ಟಿದ್ದ 70ಕ್ಕೂ ಹೆಚ್ಚು ಹುಡುಗರನ್ನು ಬಿಡುಗಡೆ ಮಾಡಿಸಿದ. ಸಿಸ್ಲರ್‌ನ ಕಾಗದ ಹರಿಯಲು ವಾದ ಕಟ್ಟಿದ ವಕೀಲ ಈಗ ಅಂಥದೇ ಕಾಗದಗಳ ದೊಡ್ಡ ಗೋದಾಮಿನ ಒಡೆಯ. ಇದು ಅವನಿಗೆ ವಿರೋಧಾಭಾಸ ಅಂತ ಅನ್ನಿಸಿದ ಸುಳಿವೇ ಸಿಗುವುದಿಲ್ಲ.

ಇನ್ನೊಂದು ಮಾತು. ಸೇಂಟ್ ಲೂಯಿಸ್‌ನ ಆ ಮೈದಾನದಲ್ಲಿ ಕಪ್ಪು ಪ್ರೇಕ್ಷಕರು ಬೇರೆಯೇ ಕೂರಬೇಕಿತ್ತು. ರಿಕಿ ಅಲ್ಲಿದ್ದ ಎರಡೂವರೆ ದಶಕ ಪೂರ್ತಿ ಅದು ಹಾಗೇ ಇತ್ತು, ಬದಲಾದದ್ದು ಅವನು ಹೋದಮೇಲೆ, 1944ರಲ್ಲಿ. ಚಾರ್ಲ್ಸ್ ಥಾಮಸ್‌ನ ಕಣ್ಣೀರು ಅವನಿಗೆ ನೆನಪಿತ್ತು ಅನ್ನೋಣ. ಆದರೂ ನಾಲ್ಕು ದಶಕ ಆ ನೆನಪು ಕಾಯುತ್ತಲೇ ಇತ್ತು.

1942ರ ಕೊನೆಯಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಬಂದ. ಯುದ್ಧಕಾಲ. ಬೇರೆ ತಂಡಗಳು ಹೊಸಬರನ್ನು ಹುಡುಕುವ ಖರ್ಚು ಕಡಿತ ಮಾಡುತ್ತಿದ್ದರೆ ರಿಕಿ ಜಾಸ್ತಿ ಮಾಡಿದ. ಎಲ್ಲರೂ ನೋಡುತ್ತಿರುವ ಕಡೆ ನೋಡಿ ಏನು ಪ್ರಯೋಜನ, ಯಾರೂ ನೋಡದ ಕಡೆ ನೋಡಬೇಕು. ಯಾರೂ ನೋಡದ ಕಡೆ ಅಂದ್ರೆ ಕಪ್ಪು ಆಟಗಾರರ ನೀಗ್ರೊ ಲೀಗುಗಳು. ಬರೀ ಕಪ್ಪು ಆಟಗಾರರ ಹೊಸ ಲೀಗ್ ಕಟ್ಟುತ್ತೇನೆ ಎಂಬ ನೆಪ ಮುಂದಿಟ್ಟುಕೊಂಡು ತನ್ನ ಸ್ಕೌಟ್‌ಗಳನ್ನು, ಅಂದ್ರೆ ಆಟಗಾರರನ್ನು ಹುಡುಕಿ ತೂಗುವವರನ್ನು, ಕಳಿಸಿದ. ಅವರಲ್ಲಿ ಅದೇ ಹಳೇ ಜಾರ್ಜ್ ಸಿಸ್ಲರ್ ಕೂಡ ಇದ್ದ.

ಇದನ್ನು ಒಬ್ಬ ಒಳ್ಳೆ ಮನುಷ್ಯನ ಮನಸ್ಸು ಕರಗಿದ ಕತೆ ಅಂತ ಹೇಳುವುದು ಸುಲಭ. ಹಾಗೆ ಹೇಳಿದರೆ ಬೀದಿಯಲ್ಲಿದ್ದವರನ್ನು ಅಳಿಸಿಹಾಕಿದಂತೆ. ಕಪ್ಪು ಪತ್ರಿಕೆಗಳ ವೆಂಡೆಲ್ ಸ್ಮಿತ್, ಸ್ಯಾಮ್ ಲೇಸಿ, ಕಮ್ಯುನಿಸ್ಟ್ ಪತ್ರಿಕೆ ಡೈಲಿ ವರ್ಕರ್‌ನ ಲೆಸ್ಟರ್ ರಾಡ್ನಿ ವರ್ಷಗಟ್ಟಲೆ ಬರೆದು ಒತ್ತಡ ಹಾಕಿದ್ದರು. ಉದ್ಯೋಗದಲ್ಲಿ ವರ್ಣಭೇದ ಮಾಡುವುದು ಅಪರಾಧ ಎಂಬ ಕಾನೂನನ್ನು ನ್ಯೂಯಾರ್ಕ್ ರಾಜ್ಯ 1945ರಲ್ಲಿ ತಂದಿತ್ತು. ಆ ಏಪ್ರಿಲ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಒತ್ತಡಕ್ಕೆ ಮಣಿದು ಮೂವರು ಕಪ್ಪು ಆಟಗಾರರನ್ನು ಆಯ್ಕೆಗೆ ಕರೆದು, ಆಡಿಸಿ ನೋಡಿ, ಮತ್ತೆ ಸುದ್ದಿಯನ್ನೇ ಎತ್ತಲಿಲ್ಲ. ಅಳತೆಗೋಲು ಸರಿಯಾಗಿತ್ತು, ಅಳೆದರು ಕೂಡ. ಆದರೆ ಆರಿಸುವ ಮನಸ್ಸಿರಲಿಲ್ಲ. ಆ ಮೂವರಲ್ಲಿ ಒಬ್ಬ ಜಾಕಿ ರಾಬಿನ್ಸನ್. ರಿಕಿಗೆ ಆ ಹೆಸರು ಹೇಳಿದವರಲ್ಲಿ ವೆಂಡೆಲ್ ಸ್ಮಿತ್ ಒಬ್ಬ.

ರಾಬಿನ್ಸನ್ ಹುಟ್ಟಿದ್ದು 1919ರಲ್ಲಿ ಜಾರ್ಜಿಯಾದಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ. ತಾಯಿ ಮನೆಕೆಲಸ ಮಾಡಿ ಐದು ಮಕ್ಕಳನ್ನು ಸಾಕಿದಳು. ಯುಸಿಎಲ್‌ಎ ಕಾಲೇಜಿನಲ್ಲಿ ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಓಟ-ಜಿಗಿತ, ಬೇಸ್‌ಬಾಲ್ ನಾಲ್ಕರಲ್ಲೂ ಕಾಲೇಜು ತಂಡದ ಗೌರವ ಪಡೆದ ಮೊದಲಿಗ. ತಮಾಷೆ ಏನಂದ್ರೆ, ಆ ನಾಲ್ಕರಲ್ಲಿ ಅವನ ಆಟ ತೀರಾ ಕಳಪೆಯಾಗಿದ್ದುದು ಬೇಸ್‌ಬಾಲ್‌ನಲ್ಲಿ. 1940ರಲ್ಲಿ ಕಾಲೇಜು ತಂಡಕ್ಕೆ ಅವನ ಬ್ಯಾಟಿಂಗ್ ಸರಾಸರಿ .097, ಅಂದ್ರೆ ಹತ್ತು ಸಲ ಬ್ಯಾಟ್ ಹಿಡಿದರೆ ಒಂದು ಹಿಟ್ಟೂ ಪೂರ್ತಿ ಇಲ್ಲ. ಬರೀ ಅಂಕಿ ನೋಡುವ ಕೋಚ್ ಆಗಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದ. ರಿಕಿಯ ಜನ ನೋಡಿದ್ದು ಕಾಲು, ದೇಹದ ಹಿಡಿತ, ಆಟದ ಬುದ್ಧಿ. ಸಿಸ್ಲರ್‌ಗೆ ತೋಳಿನ ಬಲದ ಬಗ್ಗೆ ಅನುಮಾನವಿತ್ತು, ಕಡಿಮೆ ದೂರ ಎಸೆಯುವ ಜಾಗದಲ್ಲಿ ಆಡಿಸಿ ಅಂದ.

ಮೈದಾನದ ಹೊರಗಿನದನ್ನೂ ರಿಕಿ ಕೆದಕಿ ನೋಡಿದ. ಕುಡಿಯುತ್ತಾನಾ, ಚರ್ಚಿಗೆ ಹೋಗ್ತಾನಾ, ಮದುವೆ ಆಗುವ ಹುಡುಗಿ ಇದ್ದಾಳಾ. ಮದುವೆಯಾದ ಆಟಗಾರ ಸ್ಥಿಮಿತದಲ್ಲಿರ್ತಾನೆ ಅನ್ನುವ ನಂಬಿಕೆ ಅವನದು. ಬಿಳಿ ಹುಡುಗರಲ್ಲೂ ಇದನ್ನು ವಿಚಾರಿಸುತ್ತಿದ್ದ, ಆದರೆ ಯಾವ ಬಿಳಿ ಹುಡುಗನೂ ಇಷ್ಟು ಜರಡಿ ದಾಟಬೇಕಿರಲಿಲ್ಲ. ರಾಬಿನ್ಸನ್ ಸೈನ್ಯದಲ್ಲಿದ್ದಾಗ, 1944ರಲ್ಲಿ, ಬಸ್ಸಿನ ಹಿಂದಿನ ಸೀಟಿಗೆ ಹೋಗಲು ನಿರಾಕರಿಸಿ ಸೇನಾ ವಿಚಾರಣೆ ಎದುರಿಸಿ, ನಿರ್ದೋಷಿ ಎಂದು ಬಿಡುಗಡೆಯಾಗಿದ್ದ. ಬೇರೆ ಯಾರಾದರೂ ತಕರಾರಿನವನು ಅಂತ ಪಟ್ಟಿಯಿಂದ ತೆಗೆಯುತ್ತಿದ್ದರು. ರಿಕಿಗೆ ಅದು ಅರ್ಹತೆಯಾಗಿ ಕಂಡಿತು. ನನ್ನ ಮಟ್ಟಿಗೆ ಕೋಚ್ ಆಗಿ ಅವನು ಮಾಡಿದ ಅತ್ಯುತ್ತಮ ಅಂದಾಜು ಇದು.

1945ರ ಆಗಸ್ಟ್ 28ರಂದು ಬ್ರೂಕ್ಲಿನ್‌ನ ಆಫೀಸಿನಲ್ಲಿ ಇಬ್ಬರೂ ಕೂತರು. ಸುಮಾರು ಮೂರು ತಾಸು. ರಿಕಿ ಒಮ್ಮೆ ಹೋಟೆಲಿನ ಗುಮಾಸ್ತನಾದ, ಒಮ್ಮೆ ಎದುರಾಳಿ ಆಟಗಾರನಾದ, ಒಮ್ಮೆ ಪ್ರೇಕ್ಷಕನಾದ. ಮುಖದ ಹತ್ತಿರ ಬಂದು ಬೈದು ತೋರಿಸಿದ. ಇದಕ್ಕೆಲ್ಲ ತಿರುಗಿ ಹೊಡೆಯದೆ ಇರಬಲ್ಲೆಯಾ ಅಂತ ಕೇಳಿದ. 26 ವರ್ಷದ, ಯಾರಿಗೂ ಬಗ್ಗಿ ಅಭ್ಯಾಸವಿಲ್ಲದ ಮನುಷ್ಯ ಒಪ್ಪಿಕೊಂಡ. ಬೈಯುವವರಿಗೆ ಯಾವ ಷರತ್ತೂ ಇರಲಿಲ್ಲ, ಬೈಸಿಕೊಳ್ಳುವವನಿಗೆ ಇತ್ತು. 1946ರಲ್ಲಿ ಮಾಂಟ್ರಿಯಲ್ ತಂಡಕ್ಕೆ ಆಡಿ .349 ಸರಾಸರಿಯಲ್ಲಿ ಲೀಗಿಗೇ ಮೊದಲಿಗನಾದ. 1947ರ ಏಪ್ರಿಲ್ 15ರಂದು ಡಾಡ್ಜರ್ಸ್ ಪರವಾಗಿ ಇಳಿದ. ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಅವನೇ, 29 ಬೇಸ್ ಕದ್ದು ಲೀಗಿನಲ್ಲಿ ಮುಂದಿದ್ದವನೂ ಅವನೇ. 13 ಬೇಸ್ ಕಳಕೊಂಡ ಕ್ಯಾಚರ್‌ಗೆ ಕಾಲಿನ ಬೆಲೆ ಗೊತ್ತಿರದೆ ಇರುತ್ತಾ?

ದುಡ್ಡಿನ ವಿಷಯ? ರಾಬಿನ್ಸನ್ ಆಗ ಆಡುತ್ತಿದ್ದುದು ಕಪ್ಪು ಆಟಗಾರರ ಕನ್ಸಾಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ. ರಿಕಿ ಆ ತಂಡಕ್ಕೆ ಒಂದು ಡಾಲರ್ ಕೊಡಲಿಲ್ಲ. ಅವು ಸರಿಯಾದ ಲೀಗುಗಳೇ ಅಲ್ಲ, ಒಪ್ಪಂದಗಳೂ ಗಟ್ಟಿಯಲ್ಲ ಅನ್ನುವುದು ಅವನ ಸಬೂಬು. ತನ್ನ ತಂಡದ ಒಪ್ಪಂದ ಕಬ್ಬಿಣ, ಅವರದ್ದು ಬರೀ ಕಾಗದ. ನ್ಯೂಅರ್ಕ್ ಈಗಲ್ಸ್ ತಂಡವನ್ನು ನಡೆಸುತ್ತಿದ್ದ ಎಫಾ ಮ್ಯಾನ್ಲಿ ಇದನ್ನು ಬಹಿರಂಗವಾಗಿಯೇ ಖಂಡಿಸಿದಳು. 1947ರಲ್ಲಿ ಕ್ಲೀವ್‌ಲ್ಯಾಂಡ್‌ನ ಬಿಲ್ ವೀಕ್ ಅವಳ ತಂಡದಿಂದ ಲ್ಯಾರಿ ಡೋಬಿಯನ್ನು ಒಯ್ಯುವಾಗ 15,000 ಡಾಲರ್ ಕೊಟ್ಟ. ಅಂದ್ರೆ ಕೊಡಬಹುದಿತ್ತು. ಒಳ್ಳೆಯ ಆಟಗಾರರು, ಪ್ರೇಕ್ಷಕರು ಆ ಕಡೆ ಹೋದಂತೆ, ಕಪ್ಪು ಸಮುದಾಯವೇ ಕಟ್ಟಿ ನಿಲ್ಲಿಸಿದ್ದ ನೀಗ್ರೊ ನ್ಯಾಷನಲ್ ಲೀಗ್ 1948ರ ಬಳಿಕ ಮುಚ್ಚಿತು.

ಆಟಗಾರರನ್ನು ಬೆಳೆಸುವ ವಿಚಾರಕ್ಕೆ ಬಂದರೆ ರಿಕಿಯ ನಿಜವಾದ ಶಾಲೆ ಫ್ಲೋರಿಡಾದ ವೆರೊ ಬೀಚ್. ಯುದ್ಧಕಾಲದ ನೌಕಾಪಡೆಯ ನೆಲೆಯನ್ನು 1948ರಿಂದ ತರಬೇತಿ ಶಿಬಿರ ಮಾಡಿಕೊಂಡ. ಬೆಳಗ್ಗೆ ಪಾಠ, ಆಮೇಲೆ ಮೈದಾನ. ಪಿಚರ್‌ಗಳಿಗೆ ಗುರಿ ಕಾಣಲಿ ಅಂತ ಎರಡು ಕಂಬದ ನಡುವೆ ದಾರ ಕಟ್ಟಿ ಚೌಕ ಮಾಡಿದ. ಜಾರಿ ಬೇಸ್ ಮುಟ್ಟುವುದನ್ನು ಕಲಿಯಲು ಮರಳಿನ ಗುಂಡಿ, ಚೆಂಡೆಸೆಯುವ ಯಂತ್ರ, ಬಲೆಯ ಪಂಜರ. ಡ್ಯೂಕ್ ಸ್ನೈಡರ್ ಎಂಬ ಹುಡುಗ ಸಿಕ್ಕಸಿಕ್ಕ ಚೆಂಡಿಗೆಲ್ಲ ಬ್ಯಾಟ್ ಬೀಸುತ್ತಿದ್ದ. ಅವನನ್ನು ಬ್ಯಾಟ್ ಕೊಟ್ಟು ನಿಲ್ಲಿಸಿ, ಬೀಸಲೇ ಬಾರದು, ಹೊಡೆಯುವ ಚೆಂಡೋ ಬಿಡುವ ಚೆಂಡೋ ಅಂತ ಹೇಳ್ತಾ ಹೋಗು ಎಂದರು. ಸ್ನೈಡರ್ ಮುಂದೆ ಆ ಕಾಲದ ದೊಡ್ಡ ಹೊಡೆತಗಾರರಲ್ಲಿ ಒಬ್ಬನಾದ. 1947ರಲ್ಲಿ ಅಲನ್ ರಾತ್ ಎಂಬ ಕೆನಡಾದ ಅಂಕಿಸಂಖ್ಯೆಯವನನ್ನು ಸಂಬಳ ಕೊಟ್ಟು ಇಟ್ಟುಕೊಂಡ. ಎಷ್ಟು ಹಿಟ್ ಹೊಡೆದ ಅನ್ನುವುದಕ್ಕಿಂತ ಎಷ್ಟು ಸಲ ಔಟಾಗದೆ ಬೇಸ್ ತಲುಪಿದ ಅನ್ನುವುದು ಮುಖ್ಯ ಅಂತ ಇವರಿಬ್ಬರೂ ಆಗಲೇ ಲೆಕ್ಕ ಹಾಕಿ ತೋರಿಸಿದ್ದರು. ಕಪ್ಪು ಬಿಳಿ ಆಟಗಾರರು ಶಿಬಿರದಲ್ಲಿ ಒಟ್ಟಿಗೇ ಇದ್ದರು. ಗೇಟು ದಾಟಿ ಊರಿಗೆ ಹೋದರೆ ಮತ್ತೆ ಬೇರೆ ಬೇರೆ.

1949ರಲ್ಲಿ ರಿಸರ್ವ್ ಕಲಮಿನ ವಿರುದ್ಧ ಕೋರ್ಟಿನಲ್ಲಿ ದಾವೆ ನಡೆಯುತ್ತಿತ್ತು. ಅದನ್ನು ವಿರೋಧಿಸುವವರಿಗೆ ಕಮ್ಯುನಿಸ್ಟ್ ಒಲವಿದೆ ಎಂದು ರಿಕಿ ಸಾರ್ವಜನಿಕವಾಗಿ ಹೇಳಿದ. ರಾಬಿನ್ಸನ್‌ಗಾಗಿ ವರ್ಷಗಟ್ಟಲೆ ಬರೆದವರಲ್ಲಿ ಕಮ್ಯುನಿಸ್ಟರೂ ಇದ್ದರು ಎಂಬುದು ಅವನಿಗೆ ಅಡ್ಡಬರಲಿಲ್ಲ. ಸಂಬಳದ ಮಾತಿನಲ್ಲಿ ಅವನ ಜಿಪುಣತನ ಎಷ್ಟು ಹೆಸರಾಗಿತ್ತೆಂದರೆ ಪತ್ರಿಕೆಗಳು ಅದಕ್ಕೇ ಅಡ್ಡಹೆಸರಿಟ್ಟಿದ್ದವು. 1950ರಲ್ಲಿ ತನ್ನ ಪಾಲು ಮಾರಿ, ಬ್ರೂಕ್ಲಿನ್ ಬಿಟ್ಟು ಪಿಟ್ಸ್‌ಬರ್ಗ್‌ಗೆ ಹೋದ. ಅಲ್ಲಿ ತಂಡ ಸೋತಿದ್ದೇ ಸೋತಿದ್ದು, 1952ರಲ್ಲಿ 112 ಪಂದ್ಯ. ಆದರೆ 1954ರಲ್ಲಿ, ಡಾಡ್ಜರ್ಸ್‌ನವರು ಮಾಂಟ್ರಿಯಲ್‌ನಲ್ಲಿ ಅಡಗಿಸಿಟ್ಟಿದ್ದ ಪೋರ್ಟೊ ರಿಕೊದ ಹುಡುಗನೊಬ್ಬನನ್ನು 4,000 ಡಾಲರ್‌ಗೆ ಎತ್ತಿಕೊಂಡ. ಮೊದಲು ಕಣ್ಣಿಗೆ ಬಿದ್ದದ್ದು ಆ ಹುಡುಗನ ತೋಳು. ಹೆಸರು ರಾಬರ್ಟೊ ಕ್ಲೆಮೆಂಟೆ.

ಇನ್ನೂ ಆಟ ಕಲಿಯುತ್ತಿರುವ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವ ಡ್ರಾಫ್ಟ್ ಪದ್ಧತಿ ಶುರುವಾದದ್ದು 1965ರ ಜೂನ್‌ನಲ್ಲಿ. ಮೊದಲ ಆಯ್ಕೆ ಅರಿಝೋನಾ ಸ್ಟೇಟ್ ಕಾಲೇಜು ತಂಡದ ರಿಕ್ ಮಂಡೆ. ಅದೇ ವರ್ಷ ಡಿಸೆಂಬರ್ 9ರಂದು, 84 ತುಂಬಲು ಹನ್ನೊಂದು ದಿನ ಇರುವಾಗ, ರಿಕಿ ತೀರಿಕೊಂಡ. ಒಂದು ತಿಂಗಳ ಹಿಂದೆ ಮಿಸ್ಸೂರಿಯಲ್ಲಿ ಸನ್ಮಾನಕ್ಕೆ ಹೋಗಿ ಭಾಷಣ ಮಾಡುತ್ತಿದ್ದಾಗಲೇ ಕುಸಿದಿದ್ದ. ರಾಬಿನ್ಸನ್ ಕೊನೇವರೆಗೂ ಅವನನ್ನು ತಂದೆಯಂತೆ ಕಂಡ.

ನಾಲ್ಕು ವರ್ಷದ ನಂತರ, 1969ರಲ್ಲಿ, ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ತನ್ನ ಕಪ್ಪು ಆಟಗಾರ ಕರ್ಟ್ ಫ್ಲಡ್‌ನನ್ನು ಒಂದು ಮಾತೂ ಕೇಳದೆ ಫಿಲಡೆಲ್ಫಿಯಾಕ್ಕೆ ಕೊಟ್ಟುಬಿಟ್ಟಿತು. ಫ್ಲಡ್ ಹೋಗಲಿಲ್ಲ. ತನ್ನನ್ನು ಆಸ್ತಿಯ ಹಾಗೆ ಮಾರುವ ಹಕ್ಕು ಯಾರಿಗೂ ಇಲ್ಲ ಎಂದು ರಿಸರ್ವ್ ಕಲಮಿನ ಮೇಲೆ ಕೇಸು ಹಾಕಿದ. ಆಗ ಆಡುತ್ತಿದ್ದ ಯಾವ ಆಟಗಾರನೂ ಅವನ ಪರ ಸಾಕ್ಷಿ ಹೇಳಲು ಬರಲಿಲ್ಲ. 1970ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಕೋರ್ಟಿನ ಕಟಕಟೆಗೆ, ತಲೆ ಬೆಳ್ಳಗಾಗಿ, ಸಕ್ಕರೆ ಕಾಯಿಲೆಯಿಂದ ಸೋತಿದ್ದ ಒಬ್ಬ ನಿವೃತ್ತ ಆಟಗಾರ ಬಂದು, ಈ ಕಲಮು ಆಟಗಾರನಿಗೆ ಅನ್ಯಾಯ ಎಂದು ಸಾಕ್ಷಿ ಹೇಳಿದ. ಅವನೇ ಜಾಕಿ ರಾಬಿನ್ಸನ್. 1972ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಫ್ಲಡ್ ವಿರುದ್ಧ ತೀರ್ಪು ಕೊಟ್ಟಿತು, ಅಕ್ಟೋಬರ್‌ನಲ್ಲಿ ರಾಬಿನ್ಸನ್ ತೀರಿಕೊಂಡ. ಆ ಕಲಮು ಬಿದ್ದದ್ದು ಮತ್ತೂ ಮೂರು ವರ್ಷ ಕಳೆದ ಮೇಲೆ, 1975ರ ಡಿಸೆಂಬರ್‌ನಲ್ಲಿ. ಬೀಳಿಸಿದ್ದು ಆಟಗಾರರ ಯೂನಿಯನ್.